ದೇಶಗಳ ನಡುವಿನ ಹಸಿರುಮನೆ ಅನಿಲ ಅಸಮಾನತೆಯನ್ನು ಅಳೆಯುವುದು ಹೇಗೆ

ಒಂದು ವರ್ಷದಲ್ಲಿ ಯಾವ ದೇಶ ಎಷ್ಟು ಹಸಿರುಮನೆ ಅನಿಲವನ್ನು ಹೊರಸೂಸಿತು ಎಂಬ ಪಟ್ಟಿಯನ್ನು ಇಂದು ಯಾರು ಬೇಕಾದರೂ ಪಡೆಯಬಹುದು. ಆದರೆ ಆ ಹೊರಸೂಸುವಿಕೆ ದೇಶಗಳ ನಡುವೆ ಎಷ್ಟು ಅಸಮಾನವಾಗಿ ಹಂಚಿಹೋಗಿದೆ, ಆ ಅಸಮಾನತೆ ಕಾಲ ಕಳೆದಂತೆ ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ, ಅದರ ಹಿಂದಿನ ಕಾರಣಗಳೇನು ಎಂಬುದನ್ನು ಪಟ್ಟಿ ತಾನಾಗಿ ಹೇಳುವುದಿಲ್ಲ. ಪಳೆಯುಳಿಕೆ ಇಂಧನಗಳ ಇಂಗಾಲದ ಡೈಆಕ್ಸೈಡನ್ನಷ್ಟೇ ತೆಗೆದುಕೊಂಡರೂ, 2022ರ ಸುಮಾರಿಗೆ ಜಗತ್ತಿನ ತಲಾ ಸರಾಸರಿ 4.7 ಟನ್ನಿನಷ್ಟಿದ್ದಾಗ ಕತಾರ್‌ನಲ್ಲಿ ಅದು 35 ಟನ್ನನ್ನು ಮೀರಿತ್ತು, ಅಮೆರಿಕದಲ್ಲಿ ಸುಮಾರು 15, ಚೀನಾದಲ್ಲಿ ಸುಮಾರು 8, ಭಾರತದಲ್ಲಿ ಸುಮಾರು 2 ಟನ್ ಇತ್ತು, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 0.1 ಟನ್ನನ್ನೂ ಮುಟ್ಟಿರಲಿಲ್ಲ. ಇಷ್ಟು ಹರವಾದ ಅಂಕಿಗಳನ್ನು ಒಂದೆರಡು ಸೂಚ್ಯಂಕಗಳಲ್ಲಿ ಹಿಡಿದಿಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಸ್ಪ್ರೆಡ್‌ಶೀಟ್ ಬಳಸಲು ಬರುವುದು, ಶೇಕಡಾವಾರು ಮತ್ತು ಲಾಗರಿದಮ್‌ಗಳ ಪರಿಚಯ ಇರುವುದು ಸಾಕು.

ಸೂಚ್ಯಂಕದ ಲೆಕ್ಕ ಈ ಕೆಲಸದ ಸುಲಭವಾದ ಭಾಗ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಯಾವ ಅನಿಲ, ಯಾರ ಖಾತೆಗೆ, ಯಾವ ಅವಧಿಯದು, ಯಾವ ತೂಕದಲ್ಲಿ (ಅಂದರೆ ಪ್ರತಿ ದೇಶಕ್ಕೆ ಲೆಕ್ಕದಲ್ಲಿ ಎಷ್ಟು ಪ್ರಾಮುಖ್ಯ ಕೊಟ್ಟು) ಎಂಬ ನಾಲ್ಕು ನಿರ್ಧಾರಗಳು ಅದಕ್ಕೂ ಮೊದಲು ಆಗಬೇಕು. ಅದೇ ಜಗತ್ತು, ಅದೇ ವರ್ಷ ಇದ್ದರೂ ಈ ನಿರ್ಧಾರಗಳು ಬದಲಾದರೆ ಫಲಿತಾಂಶ ಬೇರೆಯೇ ಆಗುತ್ತದೆ. ಹವಾಮಾನ ಮಾತುಕತೆಗಳಲ್ಲಿ ಪರಸ್ಪರ ವಿರುದ್ಧವಾದ ವಾದಗಳೆರಡೂ ಸರಿಯಾದ ಅಂಕಿಗಳನ್ನೇ ಮುಂದಿಡುವುದು ಸಾಧ್ಯವಾಗುವುದು ಇದರಿಂದಲೇ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಆ ನಿರ್ಧಾರಗಳಿಗೇ ಮೀಸಲಾಗಿದೆ.

ಯಾವ ಅನಿಲಗಳನ್ನು ಎಣಿಸಬೇಕು

ಇಂಗಾಲದ ಡೈಆಕ್ಸೈಡ್ ಒಂದನ್ನೇ ಅಳೆಯುವುದು ಎಲ್ಲಕ್ಕಿಂತ ಸರಳ, ಮತ್ತು ಅದರ ದತ್ತಾಂಶ ಎಲ್ಲಕ್ಕಿಂತ ವಿಶ್ವಾಸಾರ್ಹ. ಆದರೆ ಹಸಿರುಮನೆ ಅನಿಲಗಳ ಅಸಮಾನತೆ ಎಂದು ಶೀರ್ಷಿಕೆ ಕೊಟ್ಟ ಮೇಲೆ ಮೀಥೇನ್, ನೈಟ್ರಸ್ ಆಕ್ಸೈಡ್ ಮತ್ತು ಫ್ಲೋರಿನ್ ಇರುವ ಅನಿಲಗಳನ್ನೂ ಸೇರಿಸಲೇಬೇಕು. ಬೇರೆ ಬೇರೆ ಅನಿಲಗಳನ್ನು ಕೂಡಬೇಕಾದರೆ ಅವುಗಳನ್ನೆಲ್ಲ ಇಂಗಾಲದ ಡೈಆಕ್ಸೈಡಿನ ಸಮಾನ ತೂಕಕ್ಕೆ ಬದಲಿಸಬೇಕಾಗುತ್ತದೆ. ಇದಕ್ಕೆ ಬಳಸುವ ಗುಣಕಕ್ಕೆ ಜಾಗತಿಕ ತಾಪನ ಸಾಮರ್ಥ್ಯ ಎಂದು ಹೆಸರು. ಅಂತರ್ ಸರ್ಕಾರಿ ಹವಾಮಾನ ಬದಲಾವಣೆ ಸಮಿತಿ, ಅಂದರೆ ಐಪಿಸಿಸಿ, ತನ್ನ ಪ್ರತಿ ವರದಿಯಲ್ಲೂ ಈ ಗುಣಕಗಳನ್ನು ಪರಿಷ್ಕರಿಸುತ್ತ ಬಂದಿದೆ. ನೂರು ವರ್ಷಗಳ ಅವಧಿಗೆ ಮೀಥೇನಿನ ಗುಣಕ ನಾಲ್ಕನೆಯ ವರದಿಯಲ್ಲಿ 25, ಐದನೆಯದರಲ್ಲಿ 28 ಇತ್ತು, ನೈಟ್ರಸ್ ಆಕ್ಸೈಡಿನದು ಕ್ರಮವಾಗಿ 298 ಮತ್ತು 265 ಇತ್ತು. ಪ್ಯಾರಿಸ್ ಒಪ್ಪಂದದ ಅಡಿಯಲ್ಲಿ ದೇಶಗಳು ಸಲ್ಲಿಸುವ ವರದಿಗಳಿಗೆ ಐದನೆಯ ವರದಿಯ ಗುಣಕಗಳನ್ನು ಬಳಸಬೇಕೆಂದು ನಿಗದಿಯಾಗಿದೆ. ಹಳೆಯ ವರದಿಗಳಲ್ಲಿ ನಾಲ್ಕನೆಯದರ ಗುಣಕಗಳೂ ಸಿಗುವುದರಿಂದ ಎರಡು ಮೂಲಗಳ ಅಂಕಿಗಳನ್ನು ಬೆರೆಸುವ ಮುನ್ನ ಅವು ಯಾವ ಗುಣಕದಲ್ಲಿವೆ ಎಂದು ನೋಡಿಕೊಳ್ಳಬೇಕು.

ಒಂದು ದೇಶ ವರ್ಷಕ್ಕೆ 10 ಲಕ್ಷ ಟನ್ ಮೀಥೇನನ್ನು ಹೊರಬಿಡುತ್ತದೆ ಎಂದುಕೊಳ್ಳೋಣ. ನೂರು ವರ್ಷಗಳ ಗುಣಕದಲ್ಲಿ ಅದು 2.8 ಕೋಟಿ ಟನ್ ಸಮಾನ ತೂಕವಾಗುತ್ತದೆ. ಐದನೆಯ ವರದಿಯದೇ ಇಪ್ಪತ್ತು ವರ್ಷಗಳ ಗುಣಕ 84 ಆಗಿರುವುದರಿಂದ ಅದರಲ್ಲಿ 8.4 ಕೋಟಿ ಟನ್ ಆಗುತ್ತದೆ, ಅಂದರೆ ಸರಿಯಾಗಿ ಮೂರು ಪಟ್ಟು. ಜಾನುವಾರು ಸಾಕಣೆ ಮತ್ತು ಭತ್ತದ ಗದ್ದೆಗಳು ಹೆಚ್ಚಾಗಿದ್ದು ಕೈಗಾರಿಕೆ ಕಡಿಮೆ ಇರುವ ದೇಶದ ಸ್ಥಾನ ಈ ಒಂದು ಆಯ್ಕೆಯಿಂದಲೇ ಪಟ್ಟಿಯಲ್ಲಿ ಗಣನೀಯವಾಗಿ ಮೇಲೇರುತ್ತದೆ. ಸಾಮಾನ್ಯವಾಗಿ ಎಲ್ಲ ಅನಿಲಗಳನ್ನು ಸೇರಿಸಿದಾಗ ದೇಶಗಳ ನಡುವಿನ ಅಸಮಾನತೆ ಇಂಗಾಲದ ಡೈಆಕ್ಸೈಡ್ ಒಂದರ ಅಸಮಾನತೆಗಿಂತ ಕಡಿಮೆಯಾಗಿ ಕಾಣುತ್ತದೆ, ಏಕೆಂದರೆ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡಿನ ದೊಡ್ಡ ಪಾಲು ಬರುವುದು ಆಹಾರ ಬೆಳೆಯುವ ಕೆಲಸದಿಂದ, ಆ ಕೆಲಸ ಬಡ ದೇಶಗಳಲ್ಲೂ ಇದ್ದೇ ಇರುತ್ತದೆ. ಒಂದನ್ನು ಮುಖ್ಯ ಲೆಕ್ಕವಾಗಿಟ್ಟುಕೊಂಡು ಇನ್ನೊಂದನ್ನು ಪಕ್ಕದಲ್ಲಿ ಕೊಡುವುದು ಒಳ್ಳೆಯ ಕ್ರಮ.

ಅರಣ್ಯ ಮತ್ತು ಭೂಬಳಕೆಯ ಬದಲಾವಣೆಯಿಂದ ಬರುವ ಹೊರಸೂಸುವಿಕೆಯನ್ನು ಸೇರಿಸಬೇಕೇ ಬಿಡಬೇಕೇ ಎಂಬುದು ಪ್ರತ್ಯೇಕವಾಗಿ ತೀರ್ಮಾನವಾಗಬೇಕಾದ ವಿಷಯ. ಸೇರಿಸಿದರೆ ಬ್ರೆಜಿಲ್ ಮತ್ತು ಇಂಡೋನೇಷ್ಯಾದಂಥ ದೇಶಗಳ ಪಾಲು ಬಹಳ ಏರುತ್ತದೆ. ಇನ್ನೊಂದು ತುದಿಯಲ್ಲಿ ಭೂತಾನದಂಥ ದೇಶಗಳ ಕಾಡು ಅಲ್ಲಿನ ಹೊರಸೂಸುವಿಕೆಗಿಂತ ಹೆಚ್ಚು ಇಂಗಾಲವನ್ನು ಹೀರಿಕೊಳ್ಳುವುದರಿಂದ ಅವುಗಳ ನಿವ್ವಳ ಅಂಕಿ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಋಣ ಸಂಖ್ಯೆಗಳಿದ್ದಲ್ಲಿ ಲಾಗರಿದಮ್ ಆಧರಿಸಿದ ಸೂಚ್ಯಂಕಗಳನ್ನು ಲೆಕ್ಕಹಾಕಲು ಬರುವುದಿಲ್ಲ, ಅಸಮಾನತೆಯನ್ನು ಶೂನ್ಯದಿಂದ 1ರವರೆಗಿನ ಒಂದು ಅಂಕಿಯಲ್ಲಿ ಹೇಳುವ, ಮುಂದೆ ವಿವರಿಸಿರುವ ಗಿನಿ ಗುಣಾಂಕವೂ ತನ್ನ ಸಾಮಾನ್ಯ ಮಿತಿಯೊಳಗೆ ಇರುತ್ತದೆಂಬ ಭರವಸೆ ಉಳಿಯುವುದಿಲ್ಲ. ಭೂಬಳಕೆಯ ಅಂದಾಜುಗಳಲ್ಲಿರುವ ಅನಿಶ್ಚಿತತೆ ಇಂಧನದ ಲೆಕ್ಕದಲ್ಲಿರುವುದಕ್ಕಿಂತ ಎಷ್ಟೋ ದೊಡ್ಡದು ಕೂಡ. ಹೀಗಾಗಿ ಮೊದಲ ಬಾರಿಗೆ ಲೆಕ್ಕ ಮಾಡುವವರು ಭೂಬಳಕೆಯನ್ನು ಬಿಟ್ಟು ಆರಂಭಿಸಿ, ಬಿಟ್ಟಿರುವುದನ್ನು ಸ್ಪಷ್ಟವಾಗಿ ಬರೆದು, ಆಮೇಲೆ ಸೇರಿಸಿ ನೋಡುವುದು ಕ್ಷೇಮ.

ಯಾರ ಖಾತೆಗೆ ಬರೆಯಬೇಕು

ವಿಶ್ವಸಂಸ್ಥೆಯ 1992ರ ಹವಾಮಾನ ಬದಲಾವಣೆ ಚೌಕಟ್ಟು ಒಡಂಬಡಿಕೆಯ ಅಡಿಯಲ್ಲಿ ದೇಶಗಳು ಸಲ್ಲಿಸುವ ಲೆಕ್ಕವೆಲ್ಲ ಗಡಿಯೊಳಗಿನ ಲೆಕ್ಕ. ಹೊಗೆ ಎಲ್ಲಿ ಎದ್ದಿತೋ ಆ ದೇಶದ ಖಾತೆಗೆ ಅದು ಸೇರುತ್ತದೆ. ಅಂತರರಾಷ್ಟ್ರೀಯ ವಿಮಾನ ಮತ್ತು ಹಡಗು ಸಂಚಾರದ ಇಂಧನ ಯಾವ ದೇಶದ ಮೊತ್ತಕ್ಕೂ ಸೇರದೆ ಪ್ರತ್ಯೇಕವಾಗಿ ದಾಖಲಾಗುತ್ತದೆ. ಹಾಗಾಗಿ ದೇಶಗಳ ಮೊತ್ತವೆಲ್ಲ ಕೂಡಿದರೂ ಜಗತ್ತಿನ ಮೊತ್ತಕ್ಕೆ ಸಮನಾಗುವುದಿಲ್ಲ, ಪಾಲುಗಳನ್ನು ಲೆಕ್ಕಹಾಕುವಾಗ ಛೇದದಲ್ಲಿ ಯಾವ ಮೊತ್ತ ಇಟ್ಟಿದ್ದೀರಿ ಎಂಬುದನ್ನು ಗಮನಿಸಬೇಕು.

ಉಕ್ಕು, ಸಿಮೆಂಟು, ಬಟ್ಟೆ, ಎಲೆಕ್ಟ್ರಾನಿಕ್ ಉಪಕರಣಗಳು ಒಂದು ದೇಶದಲ್ಲಿ ತಯಾರಾಗಿ ಇನ್ನೊಂದು ದೇಶದಲ್ಲಿ ಬಳಕೆಯಾಗುವಾಗ ಆ ಹೊಗೆಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಬಳಕೆಯ ಲೆಕ್ಕ ಬೇರೆ ಉತ್ತರ ಕೊಡುತ್ತದೆ. ಇದರಲ್ಲಿ ರಫ್ತಾದ ಸರಕಿನ ಹೊರಸೂಸುವಿಕೆಯನ್ನು ಕಳೆದು, ಆಮದಾದ ಸರಕಿನದನ್ನು ಕೂಡಲಾಗುತ್ತದೆ. ಯಾವ ದೇಶದ ಯಾವ ಉದ್ಯಮ ಯಾವುದರಿಂದ ಎಷ್ಟು ಕೊಳ್ಳುತ್ತದೆ ಎಂದು ತೋರಿಸುವ ಬಹುಪ್ರಾದೇಶಿಕ ಹೂಡುವಳಿ–ಹುಟ್ಟುವಳಿ ಕೋಷ್ಟಕಗಳಿಂದ ಈ ಅಂದಾಜು ತಯಾರಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಬಳಕೆಯ ಲೆಕ್ಕ ಗಡಿಯೊಳಗಿನ ಲೆಕ್ಕದ ಎರಡು ಪಟ್ಟನ್ನೂ ಮೀರುತ್ತದೆ. ಚೀನಾದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಬಳಕೆಯ ಲೆಕ್ಕವೇ ಕಡಿಮೆ. ಹೊಣೆಗಾರಿಕೆಯ ಚರ್ಚೆಗಾಗಿ ಅಸಮಾನತೆಯನ್ನು ಅಳೆಯುವವರು ಬಳಕೆಯ ಲೆಕ್ಕವನ್ನು ಬಿಟ್ಟುಬಿಟ್ಟರೆ ಅದು ಗಂಭೀರವಾದ ಲೋಪವೆಂದೇ ನಾನು ಭಾವಿಸುತ್ತೇನೆ. ಕಾರ್ಖಾನೆಯನ್ನು ಗಡಿಯಾಚೆಗೆ ಸಾಗಿಸಿ ಅದೇ ಸರಕನ್ನು ಆಮದು ಮಾಡಿಕೊಂಡ ದೇಶ ಗಡಿಯೊಳಗಿನ ಲೆಕ್ಕದಲ್ಲಿ ಸುಧಾರಿಸಿದಂತೆ ಕಾಣುತ್ತದೆ, ವಾತಾವರಣಕ್ಕೆ ಮಾತ್ರ ಅದರಿಂದ ಯಾವ ಉಪಶಮನವೂ ಆಗಿರುವುದಿಲ್ಲ.

ಒಂದು ವರ್ಷದ್ದೋ, ಇದುವರೆಗಿನದೋ

ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ವಾತಾವರಣದಲ್ಲಿ ಉಳಿಯುತ್ತದೆ, ಮತ್ತು ಭೂಮಿಯ ತಾಪ ಏರುವುದು ಇದುವರೆಗೆ ಸೇರಿದ ಒಟ್ಟು ಮೊತ್ತಕ್ಕೆ ಹೆಚ್ಚು ಕಡಿಮೆ ಅನುಪಾತದಲ್ಲಿ. ಹೀಗಿರುವಾಗ ಒಂದು ವರ್ಷದ ಅಂಕಿಯನ್ನು ಮಾತ್ರ ನೋಡುವುದು ಅರ್ಧ ಚಿತ್ರವನ್ನು ನೋಡಿದಂತೆ. 1750ರಿಂದ ಈಚೆಗೆ ಪಳೆಯುಳಿಕೆ ಇಂಧನಗಳಿಂದ ಬಂದ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು, ಜಗತ್ತಿನ ಜನಸಂಖ್ಯೆಯಲ್ಲಿ ಅದರ ಪಾಲು ಶೇ. 4ರಷ್ಟು. ಭಾರತದ ಪಾಲು ಶೇ. 3ರಿಂದ 4ರಷ್ಟು, ಜನಸಂಖ್ಯೆಯ ಪಾಲು ಸುಮಾರು ಶೇ. 18.

ಸಂಚಿತ ಲೆಕ್ಕಕ್ಕೆ ಆರಂಭದ ವರ್ಷವನ್ನು ಆರಿಸುವುದು ತಾಂತ್ರಿಕ ವಿವರದಂತೆ ಕಂಡರೂ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಐಪಿಸಿಸಿಯ ಆರನೆಯ ವರದಿಯ ಪ್ರಕಾರ 1850ರಿಂದ 2019ರವರೆಗಿನ ನಿವ್ವಳ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 58ರಷ್ಟು 1990ಕ್ಕೆ ಮೊದಲೇ ಹೊರಬಿದ್ದಿತ್ತು. 1990ರಿಂದ ಎಣಿಕೆ ಆರಂಭಿಸಿದರೆ ಮೊದಲು ಕೈಗಾರಿಕೀಕರಣಗೊಂಡ ದೇಶಗಳ ಆ ದೊಡ್ಡ ಭಾಗ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಹೊರಸೂಸುವಿಕೆಯ ಪರಿಣಾಮಗಳು ಆಗ ವ್ಯಾಪಕವಾಗಿ ತಿಳಿದಿರಲಿಲ್ಲ ಎಂಬ ಕಾರಣಕ್ಕೆ ಹಳೆಯದನ್ನು ಬಿಡಬೇಕೆನ್ನುವವರಿದ್ದಾರೆ, ಅದರಿಂದ ಬಂದ ಸಂಪತ್ತು ಇಂದಿಗೂ ಉಳಿದಿದೆಯೆಂಬ ಕಾರಣಕ್ಕೆ ಸೇರಿಸಬೇಕೆನ್ನುವವರಿದ್ದಾರೆ. ಅಳೆಯುವವರು 1850 ಮತ್ತು 1990 ಎರಡರಿಂದಲೂ ಲೆಕ್ಕ ಹಾಕಿ ತೋರಿಸಬಹುದು. ತಲಾ ಸಂಚಿತ ಲೆಕ್ಕದಲ್ಲಿ ಇನ್ನೂ ಒಂದು ತೊಡಕಿದೆ. ಇಡೀ ಮೊತ್ತವನ್ನು ಇಂದಿನ ಜನಸಂಖ್ಯೆಯಿಂದ ಭಾಗಿಸಿದರೆ ಇತ್ತೀಚೆಗೆ ಜನಸಂಖ್ಯೆ ಬೆಳೆದ ದೇಶಗಳ ಅಂಕಿ ಕುಗ್ಗುತ್ತದೆ. ಪ್ರತಿ ವರ್ಷದ ಜನಸಂಖ್ಯೆಯನ್ನೂ ಕೂಡಿ, ಆ ಒಟ್ಟು ಮೊತ್ತದಿಂದ ಭಾಗಿಸಿದರೆ ಒಬ್ಬ ವ್ಯಕ್ತಿಗೆ ಒಂದು ವರ್ಷಕ್ಕೆ ಎಷ್ಟು ಎಂಬ ಅಂಕಿ ಸಿಗುತ್ತದೆ. ಎರಡಕ್ಕೂ ಬೆಂಬಲಿಗರಿದ್ದಾರೆ, ಬಳಸಿದ್ದು ಯಾವುದೆಂದು ಹೇಳದೆ ಬಿಡುವುದು ಮಾತ್ರ ಸಲ್ಲದು.

ದತ್ತಾಂಶವನ್ನು ಎಲ್ಲಿಂದ ತರಬೇಕು

ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್ ಪ್ರತಿ ವರ್ಷ ಪ್ರಕಟಿಸುವ ದತ್ತಾಂಶದಲ್ಲಿ ಇಂಗಾಲದ ಡೈಆಕ್ಸೈಡಿನ ಗಡಿಯೊಳಗಿನ ಅಂಕಿಗಳು 1750ರಿಂದಲೂ, ಬಳಕೆಯ ಅಂಕಿಗಳು 1990ರಿಂದಲೂ ಸಿಗುತ್ತವೆ. ಯುರೋಪಿಯನ್ ಆಯೋಗದ ಜಂಟಿ ಸಂಶೋಧನಾ ಕೇಂದ್ರ ನಿರ್ವಹಿಸುವ ಎಡ್ಗರ್ ದತ್ತಾಂಶದಲ್ಲಿ ಇತರ ಅನಿಲಗಳೂ 1970ರಿಂದ ಇವೆ. ದೀರ್ಘ ಕಾಲದ ಎಲ್ಲ ಅನಿಲಗಳ ಸರಣಿ ಬೇಕಾದವರು ಪ್ರಿಮ್ಯಾಪ್-ಹಿಸ್ಟ್ ಎಂಬ ದತ್ತಾಂಶವನ್ನು ನೋಡಬಹುದು. ಜನಸಂಖ್ಯೆಗೆ ವಿಶ್ವಸಂಸ್ಥೆಯ ಅಂದಾಜುಗಳನ್ನು, ಆದಾಯಕ್ಕೆ ವಿಶ್ವ ಬ್ಯಾಂಕಿನ ಅಂಕಿಗಳನ್ನು ಬಳಸುವುದು ರೂಢಿ. ದೇಶಗಳು ತಾವೇ ಸಲ್ಲಿಸುವ ಲೆಕ್ಕಪಟ್ಟಿಗಳು ಅಧಿಕೃತವಾದರೂ ಎಲ್ಲ ದೇಶಗಳಿಗೆ, ಎಲ್ಲ ವರ್ಷಗಳಿಗೆ ಸಿಗುವುದಿಲ್ಲ. ಹೋಲಿಕೆಗೆ ಒಂದೇ ವಿಧಾನದಲ್ಲಿ ತಯಾರಾದ ಒಂದೇ ಮೂಲವನ್ನು ಕೊನೆಯವರೆಗೂ ಬಳಸುವುದೇ ಲೇಸು.

ಹಲವು ವರ್ಷಗಳ ಸರಣಿಯಲ್ಲಿ ದೇಶಗಳ ಪಟ್ಟಿ ಬದಲಾಗದಂತೆ ಎಚ್ಚರ ವಹಿಸಬೇಕು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು, ದಕ್ಷಿಣ ಸುಡಾನ್ 2011ರಲ್ಲಿ ಬೇರೆಯಾಯಿತು. ಒಂದು ಘಟಕ ಹದಿನೈದಾದ ವರ್ಷದಲ್ಲಿ ಅಸಮಾನತೆಯ ಅಂಕಿ ಜಿಗಿದರೆ ಅದು ಎಣಿಕೆಯಿಂದ ಹುಟ್ಟಿದ ಜಿಗಿತ. ಇಡೀ ಅವಧಿಗೆ ಇಂದಿನ ಗಡಿಗಳನ್ನೇ ಅನ್ವಯಿಸಿದ ದತ್ತಾಂಶವನ್ನು ಬಳಸಿದರೆ ಈ ತೊಂದರೆ ತಪ್ಪುತ್ತದೆ.

ಗಿನಿ ಗುಣಾಂಕದ ಲೆಕ್ಕ

ಮ್ಯಾಕ್ಸ್ ಲೊರೆನ್ಜ್ 1905ರಲ್ಲಿ ಸಂಪತ್ತಿನ ಹಂಚಿಕೆಯನ್ನು ತೋರಿಸಲು ರೂಪಿಸಿದ ರೇಖೆಯನ್ನೂ, ಕೊರಾಡೊ ಗಿನಿ 1912ರಲ್ಲಿ ಕೊಟ್ಟ ಗುಣಾಂಕವನ್ನೂ ಹೊರಸೂಸುವಿಕೆಗೆ ನೇರವಾಗಿ ಅನ್ವಯಿಸಬಹುದು. ಕ್ರಮವನ್ನು ನಾಲ್ಕು ಕಾಲ್ಪನಿಕ ದೇಶಗಳ ಮೇಲೆ ಮಾಡಿ ನೋಡೋಣ. ಅವುಗಳನ್ನು ‘ಅ’, ‘ಆ’, ‘ಇ’, ‘ಈ’ ಎಂದು ಕರೆಯೋಣ. ಜನಸಂಖ್ಯೆ ಕ್ರಮವಾಗಿ 40, 30, 20 ಮತ್ತು 10 ಕೋಟಿ. ತಲಾ ಹೊರಸೂಸುವಿಕೆ 1, 3, 6 ಮತ್ತು 15 ಟನ್. ಗುಣಿಸಿದರೆ ದೇಶಗಳ ಒಟ್ಟು ಹೊರಸೂಸುವಿಕೆ 40, 90, 120 ಮತ್ತು 150 ಕೋಟಿ ಟನ್ ಆಗುತ್ತದೆ, ಎಲ್ಲ ಸೇರಿ 400 ಕೋಟಿ ಟನ್. ಒಟ್ಟು ಜನ 100 ಕೋಟಿ, ಸರಾಸರಿ 4 ಟನ್.

ಮೊದಲ ಹೆಜ್ಜೆಯಲ್ಲಿ ದೇಶಗಳನ್ನು ತಲಾ ಹೊರಸೂಸುವಿಕೆಯ ಏರಿಕೆ ಕ್ರಮದಲ್ಲಿ ಜೋಡಿಸಬೇಕು. ಒಟ್ಟು ಹೊರಸೂಸುವಿಕೆಯ ಕ್ರಮದಲ್ಲಿ ಜೋಡಿಸಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ನಂತರ ಪ್ರತಿ ದೇಶದ ಜನಸಂಖ್ಯೆಯ ಪಾಲನ್ನು ಬರೆಯಬೇಕು: 0.40, 0.30, 0.20, 0.10. ಪಕ್ಕದಲ್ಲಿ ಹೊರಸೂಸುವಿಕೆಯ ಪಾಲು: 0.100, 0.225, 0.300, 0.375. ಈ ಎರಡನೆಯ ಕಾಲಂನ್ನು ಮೇಲಿನಿಂದ ಕೂಡುತ್ತ ಬಂದರೆ ಸಂಚಿತ ಪಾಲು 0.100, 0.325, 0.625, 1 ಆಗುತ್ತದೆ. ಜನಸಂಖ್ಯೆಯ ಸಂಚಿತ ಪಾಲನ್ನು ಅಡ್ಡ ಅಕ್ಷದ ಮೇಲೂ ಇದನ್ನು ಲಂಬ ಅಕ್ಷದ ಮೇಲೂ ಗುರುತಿಸಿ ಸೇರಿಸಿದರೆ ಅದೇ ಲೊರೆನ್ಜ್ ರೇಖೆ. ಎಲ್ಲರ ಪಾಲೂ ಸಮನಾಗಿದ್ದರೆ ಅದು ಮೂಲೆಯಿಂದ ಮೂಲೆಗೆ ನೇರ ಗೆರೆಯಾಗುತ್ತಿತ್ತು. ಅಸಮಾನತೆ ಹೆಚ್ಚಿದಷ್ಟೂ ರೇಖೆ ಕೆಳಕ್ಕೆ ಬಾಗುತ್ತದೆ.

ಗುಣಾಂಕಕ್ಕಾಗಿ ಪ್ರತಿ ದೇಶದ ಸಾಲಿನಲ್ಲಿ ಅದರ ಸಂಚಿತ ಪಾಲನ್ನೂ ಅದಕ್ಕಿಂತ ಹಿಂದಿನ ಸಾಲಿನ ಸಂಚಿತ ಪಾಲನ್ನೂ ಕೂಡಿ, ಆ ಮೊತ್ತವನ್ನು ಆ ದೇಶದ ಜನಸಂಖ್ಯೆಯ ಪಾಲಿನಿಂದ ಗುಣಿಸಬೇಕು. ‘ಅ’ ದೇಶಕ್ಕೆ ಹಿಂದಿನ ಸಾಲು ಇಲ್ಲದಿರುವುದರಿಂದ 0.40 ಗುಣಿಸು 0.100, ಅಂದರೆ 0.0400. ‘ಆ’ ದೇಶಕ್ಕೆ 0.30 ಗುಣಿಸು 0.425, ಅಂದರೆ 0.1275. ‘ಇ’ ದೇಶಕ್ಕೆ 0.20 ಗುಣಿಸು 0.950, ಅಂದರೆ 0.1900. ‘ಈ’ ದೇಶಕ್ಕೆ 0.10 ಗುಣಿಸು 1.625, ಅಂದರೆ 0.1625. ನಾಲ್ಕನ್ನೂ ಕೂಡಿದರೆ 0.52. ಇದನ್ನು 1ರಿಂದ ಕಳೆದರೆ 0.48. ಇದೇ ಈ ಜಗತ್ತಿನ ಗಿನಿ ಗುಣಾಂಕ. ಶೂನ್ಯವಿದ್ದರೆ ಪೂರ್ಣ ಸಮಾನತೆ, 1ಕ್ಕೆ ಸಮೀಪಿಸಿದಷ್ಟೂ ಅಸಮಾನತೆ ಹೆಚ್ಚು.

ಗುಣಾಂಕದ ಜೊತೆಗೆ ಓದುಗರಿಗೆ ತಕ್ಷಣ ಅರ್ಥವಾಗುವ ಒಂದು ಅನುಪಾತವನ್ನೂ ಕೊಡಬಹುದು. ಅತಿ ಹೆಚ್ಚು ಹೊರಸೂಸುವ ಶೇ. 10 ಜನರ ಪಾಲು ಇಲ್ಲಿ ಶೇ. 37.5, ಅತಿ ಕಡಿಮೆ ಹೊರಸೂಸುವ ಶೇ. 40 ಜನರ ಪಾಲು ಶೇ. 10. ಅನುಪಾತ 3.75.

ತೂಕದ ಆಯ್ಕೆಯಿಂದ ಆಗುವ ವ್ಯತ್ಯಾಸವನ್ನು ಇದೇ ಉದಾಹರಣೆಯಲ್ಲಿ ನೋಡಬಹುದು. ಜನಸಂಖ್ಯೆಯನ್ನು ಲೆಕ್ಕಿಸದೆ ನಾಲ್ಕೂ ದೇಶಗಳಿಗೆ ಸಮಾನ ತೂಕ ಕೊಟ್ಟು ತಲಾ ಅಂಕಿಗಳ ಗಿನಿಯನ್ನು ಕಂಡುಹಿಡಿದರೆ 0.45 ಬರುತ್ತದೆ. ತಲಾ ಅಂಕಿಗಳನ್ನೂ ಬಿಟ್ಟು ದೇಶಗಳ ಒಟ್ಟು ಹೊರಸೂಸುವಿಕೆಗೇ ಗಿನಿ ಲೆಕ್ಕ ಹಾಕಿದರೆ 0.225ಕ್ಕೆ ಇಳಿಯುತ್ತದೆ. ಮೂರೂ ಒಂದೇ ಜಗತ್ತಿನ ಅಂಕಿಗಳು. ಮೂರನೆಯದರಲ್ಲಿ ದೊಡ್ಡ ಜನಸಂಖ್ಯೆಯಿಂದಾಗಿ ದೊಡ್ಡದಾಗಿ ಕಾಣುವ ಬಡ ದೇಶ ಶ್ರೀಮಂತ ದೇಶದ ಪಕ್ಕದಲ್ಲೇ ಬಂದು ನಿಲ್ಲುತ್ತದೆ, ಅಸಮಾನತೆ ಮರೆಯಾಗುತ್ತದೆ. ಸಮಾನ ತೂಕದ ಕ್ರಮದಲ್ಲಿ ಕೆಲವೇ ಸಾವಿರ ಜನರಿರುವ ದ್ವೀಪಕ್ಕೂ 140 ಕೋಟಿ ಜನರಿರುವ ದೇಶಕ್ಕೂ ಒಂದೇ ಬೆಲೆ. ವಾತಾವರಣದ ಮೇಲಿನ ಹಕ್ಕು ದೇಶಗಳದ್ದೆನ್ನುವುದಕ್ಕಿಂತ ಮನುಷ್ಯರದ್ದೆಂದು ಒಪ್ಪುವವರು ಜನಸಂಖ್ಯೆಯ ತೂಕವನ್ನೇ ಬಳಸಬೇಕು, ಮುಖ್ಯ ಫಲಿತಾಂಶ ಅದೇ ಆಗಿರಬೇಕು.

ಇನ್ನು ವ್ಯಾಪಾರವನ್ನು ಸೇರಿಸೋಣ. ‘ಆ’ ದೇಶದ 90 ಕೋಟಿ ಟನ್ನಿನಲ್ಲಿ 20 ಕೋಟಿ ಟನ್ ‘ಈ’ ದೇಶಕ್ಕೆ ರಫ್ತಾದ ಸರಕಿನದು ಎಂದಾದರೆ ಬಳಕೆಯ ಲೆಕ್ಕದಲ್ಲಿ ಅವು 70 ಮತ್ತು 170 ಕೋಟಿ ಟನ್ ಆಗುತ್ತವೆ. ಪಾಲುಗಳು 0.100, 0.175, 0.300, 0.425. ಮೇಲಿನ ಕ್ರಮವನ್ನೇ ಅನುಸರಿಸಿದರೆ ಗಿನಿ 0.48ರಿಂದ 0.52ಕ್ಕೆ ಏರುತ್ತದೆ. ಒಟ್ಟು ಹೊರಸೂಸುವಿಕೆಯ ಇಪ್ಪತ್ತನೇ ಒಂದು ಭಾಗವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದಕ್ಕೇ ಇಷ್ಟು ಬದಲಾವಣೆ.

ಥೈಲ್ ಸೂಚ್ಯಂಕ ಮತ್ತು ವಿಭಜನೆ

ಗಿನಿ ಅಸಮಾನತೆ ಎಷ್ಟಿದೆ ಎಂದು ಹೇಳುತ್ತದೆ, ಅದು ಎಲ್ಲಿ ನೆಲೆಸಿದೆ ಎಂಬುದನ್ನು ಅದರಿಂದ ತಿಳಿಯುವುದು ಕಷ್ಟ. ಹೆನ್ರಿ ಥೈಲ್ 1960ರ ದಶಕದಲ್ಲಿ ರೂಪಿಸಿದ ಸೂಚ್ಯಂಕವನ್ನು ಮಾತ್ರ ಗುಂಪುಗಳಾಗಿ ಯಾವ ಶೇಷವೂ ಉಳಿಯದಂತೆ ಒಡೆಯಬಹುದು. ಪ್ರತಿ ದೇಶದ ಹೊರಸೂಸುವಿಕೆಯ ಪಾಲನ್ನು ಅದರ ಜನಸಂಖ್ಯೆಯ ಪಾಲಿನಿಂದ ಭಾಗಿಸಿ, ಸ್ವಾಭಾವಿಕ ಲಾಗರಿದಮ್ ತೆಗೆದು, ಅದನ್ನು ಮತ್ತೆ ಹೊರಸೂಸುವಿಕೆಯ ಪಾಲಿನಿಂದ ಗುಣಿಸಿ, ಎಲ್ಲವನ್ನೂ ಕೂಡಬೇಕು. ನಮ್ಮ ನಾಲ್ಕು ದೇಶಗಳಿಗೆ ಭಾಗಲಬ್ಧಗಳು 0.25, 0.75, 1.5 ಮತ್ತು 3.75. ಅಂತಿಮ ಮೊತ್ತ 0.414.

ಈಗ ‘ಅ’ ಮತ್ತು ‘ಆ’ ದೇಶಗಳನ್ನು ಒಂದು ಗುಂಪಾಗಿ, ‘ಇ’ ಮತ್ತು ‘ಈ’ ದೇಶಗಳನ್ನು ಇನ್ನೊಂದು ಗುಂಪಾಗಿ ನೋಡೋಣ. ಮೊದಲ ಗುಂಪಿನಲ್ಲಿ ಶೇ. 70 ಜನ, ಶೇ. 32.5 ಹೊರಸೂಸುವಿಕೆ. ಎರಡನೆಯದರಲ್ಲಿ ಶೇ. 30 ಜನ, ಶೇ. 67.5 ಹೊರಸೂಸುವಿಕೆ. ಗುಂಪುಗಳನ್ನೇ ದೇಶಗಳೆಂದು ಭಾವಿಸಿ ಅದೇ ಸೂತ್ರ ಹಾಕಿದರೆ 0.298 ಬರುತ್ತದೆ. ಇದು ಗುಂಪುಗಳ ನಡುವಿನ ಅಸಮಾನತೆ. ಉಳಿದ 0.116 ಗುಂಪುಗಳ ಒಳಗಿನದು. ಅಂದರೆ ಒಟ್ಟು ಅಸಮಾನತೆಯ ಸುಮಾರು ಶೇ. 72 ಎರಡು ಗುಂಪುಗಳ ನಡುವಿನ ಅಂತರದಿಂದಲೇ ಬಂದಿದೆ. ನೈಜ ದತ್ತಾಂಶದಲ್ಲಿ ಗುಂಪುಗಳನ್ನು ಖಂಡವಾರಾಗಿಯೋ, ವಿಶ್ವ ಬ್ಯಾಂಕಿನ ಆದಾಯ ವರ್ಗಗಳ ಪ್ರಕಾರವೋ, 1992ರ ಒಡಂಬಡಿಕೆಯ ಒಂದನೆಯ ಅನುಬಂಧದಲ್ಲಿರುವ (ಅಂದರೆ ಆಗ ಕೈಗಾರಿಕೀಕರಣಗೊಂಡವೆಂದು ಪಟ್ಟಿ ಮಾಡಿದ) ಮತ್ತು ಇಲ್ಲದಿರುವ ದೇಶಗಳೆಂದೋ ಮಾಡಬಹುದು. ಈ ಕೊನೆಯ ವಿಂಗಡಣೆ 1992ರ ಸ್ಥಿತಿಯನ್ನು ಆಧರಿಸಿದ್ದು, ಇಂದು ಅನುಬಂಧದ ಹೊರಗಿರುವ ಕೆಲವು ದೇಶಗಳ ತಲಾ ಹೊರಸೂಸುವಿಕೆ ಒಳಗಿರುವ ಅನೇಕ ದೇಶಗಳದ್ದಕ್ಕಿಂತ ಹೆಚ್ಚಾಗಿದೆ. ವರ್ಷವಾರು ವಿಭಜನೆಯಲ್ಲಿ ಗುಂಪುಗಳೊಳಗಿನ ಭಾಗ ಬೆಳೆಯುತ್ತ ಹೋದರೆ ಆ ವಿಂಗಡಣೆ ವಾಸ್ತವಕ್ಕೆ ದೂರವಾಗುತ್ತಿದೆ ಎಂದು ಅರ್ಥ.

ಕಾರಣಗಳನ್ನು ಬಿಡಿಸಲು ಜಪಾನಿನ ಯೋಯಿಚಿ ಕಾಯಾ ಅವರ ಹೆಸರಿನಲ್ಲಿರುವ ಸಮೀಕರಣ ನೆರವಾಗುತ್ತದೆ. ತಲಾ ಹೊರಸೂಸುವಿಕೆಯನ್ನು ಮೂರು ಅನುಪಾತಗಳ ಗುಣಲಬ್ಧವಾಗಿ ಬರೆಯಬಹುದು: ಬಳಸಿದ ಪ್ರತಿ ಘಟಕ ಶಕ್ತಿಗೆ ಎಷ್ಟು ಇಂಗಾಲ, ಪ್ರತಿ ಘಟಕ ಉತ್ಪನ್ನಕ್ಕೆ (ದೇಶದ ಒಟ್ಟು ಆಂತರಿಕ ಉತ್ಪನ್ನ, ಅಂದರೆ ಜಿಡಿಪಿಯ ಲೆಕ್ಕದಲ್ಲಿ) ಎಷ್ಟು ಶಕ್ತಿ, ತಲಾ ಉತ್ಪನ್ನ ಎಷ್ಟು. ಪ್ರತಿ ಅನುಪಾತಕ್ಕೂ ಜಗತ್ತಿನ ಅಂಕಿಯನ್ನು ದೇಶದ ಅಂಕಿಯಿಂದ ಭಾಗಿಸಿ, ಲಾಗರಿದಮ್ ತೆಗೆದು, ಜನಸಂಖ್ಯೆಯ ಪಾಲಿನಿಂದ ಗುಣಿಸಿ ಕೂಡಿದರೆ ಮೂರು ಮೊತ್ತಗಳು ಸಿಗುತ್ತವೆ. ಅವು ಮೂರೂ ಸೇರಿ ಥೈಲ್ ಅವರದೇ ಎರಡನೆಯ ಸೂಚ್ಯಂಕಕ್ಕೆ ಸರಿಯಾಗಿ ಸಮನಾಗುತ್ತವೆ. ಆ ಸೂಚ್ಯಂಕದಲ್ಲಿ ತೂಕವಾಗಿ ಹೊರಸೂಸುವಿಕೆಯ ಪಾಲಿನ ಬದಲು ಜನಸಂಖ್ಯೆಯ ಪಾಲು ಇರುತ್ತದೆ, ಭಾಗಾಕಾರ ತಿರುವುಮುರುವಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ಅದರ ಬೆಲೆ ಸುಮಾರು 0.43. ಮೊದಲ ಎರಡು ಮೊತ್ತಗಳಲ್ಲಿ ಯಾವುದಾದರೂ ಋಣವಾಗಿ ಬರಬಹುದು. ಅದು ಲೆಕ್ಕದ ದೋಷದ ಸೂಚನೆಯಾಗಬೇಕಿಲ್ಲ, ಆ ಅಂಶ ಒಟ್ಟು ಅಸಮಾನತೆಯನ್ನು ತಗ್ಗಿಸುತ್ತಿದೆ ಎಂದು ಅದನ್ನು ಓದಬೇಕು. ಈ ಬಗೆಯ ಅಧ್ಯಯನಗಳು ಸಾಮಾನ್ಯವಾಗಿ ಕಂಡುಕೊಂಡಿರುವುದು ತಲಾ ಉತ್ಪನ್ನದ ಅಂತರವೇ ಎಲ್ಲಕ್ಕಿಂತ ದೊಡ್ಡ ಪಾತ್ರ ವಹಿಸುತ್ತದೆ ಎಂಬುದನ್ನು. ಉತ್ಪನ್ನದ ಅಂಕಿಗಳನ್ನು ಕೊಳ್ಳುವ ಶಕ್ತಿಯ ಸಮತೆಯಲ್ಲಿ, ಅಂದರೆ ದೇಶಗಳ ನಡುವಿನ ಬೆಲೆಗಳ ವ್ಯತ್ಯಾಸವನ್ನು ಸರಿಹೊಂದಿಸಿ, ತೆಗೆದುಕೊಳ್ಳಬೇಕು, ವಿನಿಮಯ ದರದಲ್ಲಿ ತೆಗೆದುಕೊಂಡರೆ ಬಡ ದೇಶಗಳ ಶಕ್ತಿ ಬಳಕೆ ಅತಿ ಅದಕ್ಷವೆಂಬಂತೆ ಕಾಣುತ್ತದೆ.

ಫಲಿತಾಂಶವನ್ನು ಓದುವ ಬಗೆ

ಗಿನಿ ಮತ್ತು ಥೈಲ್ ಎರಡೂ ಅನುಪಾತಗಳನ್ನು ಮಾತ್ರ ನೋಡುತ್ತವೆ. ನಾಲ್ಕು ದೇಶಗಳ ತಲಾ ಹೊರಸೂಸುವಿಕೆ 1, 3, 6, 15ರಿಂದ 2, 6, 12, 30ಕ್ಕೆ ಏರಿದರೂ ಗಿನಿ 0.48 ಆಗಿಯೇ ಉಳಿಯುತ್ತದೆ. ಆದರೆ ತುದಿಯ ಎರಡು ದೇಶಗಳ ಅಂತರ 14 ಟನ್ನಿನಿಂದ 28 ಟನ್ನಿಗೆ ಹಿಗ್ಗಿದೆ, ವಾತಾವರಣಕ್ಕೆ ಸೇರುವ ಅನಿಲ ಇಮ್ಮಡಿಯಾಗಿದೆ. ಹೀಗಾಗಿ ಸೂಚ್ಯಂಕದ ಪಕ್ಕದಲ್ಲಿ ಒಟ್ಟು ಮೊತ್ತ, ಸರಾಸರಿ ಮತ್ತು ಟನ್ನುಗಳಲ್ಲಿನ ಅಂತರ ಇವುಗಳನ್ನು ಯಾವಾಗಲೂ ಕೊಡಬೇಕು.

ಅಸಮಾನತೆ ತಗ್ಗಿತು ಎಂಬ ಫಲಿತಾಂಶ ಬಂದಾಗ ಹೆಚ್ಚಿನ ಎಚ್ಚರ ಬೇಕು. ಅದು ಹೆಚ್ಚು ಹೊರಸೂಸುವವರು ಕಡಿಮೆ ಮಾಡಿದ್ದರಿಂದಲೂ ಆಗಬಹುದು, ಕಡಿಮೆ ಹೊರಸೂಸುತ್ತಿದ್ದವರು ಹೆಚ್ಚಿಸಿದ್ದರಿಂದಲೂ ಆಗಬಹುದು. ಚೀನಾದ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2000ರ ದಶಕದ ಮಧ್ಯಭಾಗದಲ್ಲಿ ಜಗತ್ತಿನ ಸರಾಸರಿಯನ್ನು ದಾಟಿತು. ಜಗತ್ತಿನ ಜನಸಂಖ್ಯೆಯಲ್ಲಿ ಐದನೇ ಒಂದು ಭಾಗದಷ್ಟಿದ್ದ ಒಂದು ದೇಶ ಸರಾಸರಿಯ ಕೆಳಗಿನಿಂದ ಅದರ ಹತ್ತಿರಕ್ಕೆ ಏರುತ್ತಿದ್ದಷ್ಟು ಕಾಲ ಜನಸಂಖ್ಯೆಯ ತೂಕದ ಅಸಮಾನತೆ ತಗ್ಗಲು ಅದೊಂದೇ ಸಾಕಾಗಿತ್ತು. ಸರಾಸರಿಯನ್ನು ದಾಟಿ ದೂರ ಹೋಗುತ್ತಿದ್ದಂತೆ ಅದೇ ಏರಿಕೆ ಅಸಮಾನತೆಯನ್ನು ಹೆಚ್ಚಿಸುವ ದಿಕ್ಕಿನಲ್ಲಿ ಕೆಲಸ ಮಾಡತೊಡಗುತ್ತದೆ. ಆದುದರಿಂದ ಸರಣಿಯನ್ನು ಒಮ್ಮೆ ಚೀನಾವನ್ನು ಬಿಟ್ಟು, ಒಮ್ಮೆ ಭಾರತವನ್ನು ಬಿಟ್ಟು, ಒಮ್ಮೆ ಎರಡನ್ನೂ ಬಿಟ್ಟು ಲೆಕ್ಕ ಹಾಕಿ ನೋಡುವುದು ಅನಿವಾರ್ಯ. ಪ್ರವೃತ್ತಿಯ ದಿಕ್ಕೇ ತಿರುಗಿದರೆ ಆ ಸಂಗತಿಯನ್ನೇ ಮುಖ್ಯ ಫಲಿತಾಂಶವಾಗಿ ಬರೆಯಬೇಕು.

ದೇಶಗಳ ನಡುವಿನ ಅಳತೆ ಒಂದು ದೇಶದೊಳಗಿನ ಎಲ್ಲರನ್ನೂ ಅಲ್ಲಿನ ಸರಾಸರಿಗೆ ಇಳಿಸಿಬಿಡುತ್ತದೆ ಎಂಬುದನ್ನೂ ಮರೆಯಬಾರದು. ಜಗತ್ತಿನ ಜನರೆಲ್ಲರ ನಡುವಿನ ಅಸಮಾನತೆ ಇದಕ್ಕಿಂತ ಯಾವಾಗಲೂ ಹೆಚ್ಚೇ ಇರುತ್ತದೆ. ಅರ್ಥಶಾಸ್ತ್ರಜ್ಞ ಲೂಕಾ ಶಾನ್ಸೆಲ್ ಅವರ ಅಂದಾಜಿನಂತೆ 1990ರಲ್ಲಿ ಜಾಗತಿಕ ಇಂಗಾಲ ಅಸಮಾನತೆಯ ಹೆಚ್ಚಿನ ಭಾಗ ದೇಶಗಳ ನಡುವಿನದಾಗಿತ್ತು, 2019ರ ಹೊತ್ತಿಗೆ ಮೂರನೇ ಎರಡರಷ್ಟಕ್ಕೆ ಸಮೀಪದ ಭಾಗ ದೇಶಗಳ ಒಳಗಿನದಾಗಿದೆ. ದೇಶಗಳ ನಡುವಿನ ಗಿನಿಯನ್ನು ಒಟ್ಟು ಅಸಮಾನತೆಯ ಕನಿಷ್ಠ ಅಂದಾಜು ಎಂದು ಮಾತ್ರ ಓದಬೇಕು.

ದತ್ತಾಂಶದ ಅನಿಶ್ಚಿತತೆಯನ್ನು ಫಲಿತಾಂಶಕ್ಕೆ ಒಯ್ಯುವುದು ಕೊನೆಯ ಕೆಲಸ. ಪಳೆಯುಳಿಕೆ ಇಂಧನದ ಇಂಗಾಲದ ಡೈಆಕ್ಸೈಡಿನಲ್ಲಿ ಜಾಗತಿಕ ಮಟ್ಟದ ಅನಿಶ್ಚಿತತೆ ಶೇ. 5ರ ಆಸುಪಾಸಿನಲ್ಲಿದೆ, ಮೀಥೇನ್ ಮತ್ತು ನೈಟ್ರಸ್ ಆಕ್ಸೈಡಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಪ್ರತಿ ದೇಶದ ಅಂಕಿಯನ್ನು ಅದರ ಅನಿಶ್ಚಿತತೆಯ ಮಿತಿಯೊಳಗೆ ಯಾದೃಚ್ಛಿಕವಾಗಿ ಬದಲಿಸುತ್ತ ಸೂಚ್ಯಂಕವನ್ನು ಸಾವಿರ ಬಾರಿ ಲೆಕ್ಕ ಹಾಕಿ, ಸಿಕ್ಕ ಬೆಲೆಗಳ ನಡುವಿನ ಶೇ. 95 ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದು ಕೊಡಬಹುದು. ಎರಡು ವರ್ಷಗಳ ಗಿನಿಯಲ್ಲಿ 0.01ರಷ್ಟು ವ್ಯತ್ಯಾಸವಿದ್ದು ಹರವು ಅದಕ್ಕಿಂತ ದೊಡ್ಡದಾಗಿದ್ದರೆ ಅಸಮಾನತೆ ಬದಲಾಯಿತು ಎಂದು ಬರೆಯಲು ಆಧಾರವಿರುವುದಿಲ್ಲ. ಕೋಷ್ಟಕದ ತಲೆಬರಹದಲ್ಲಿಯೇ ಅನಿಲಗಳು, ತಾಪನ ಸಾಮರ್ಥ್ಯದ ಗುಣಕ, ಭೂಬಳಕೆ ಸೇರಿದೆಯೇ ಇಲ್ಲವೇ, ಗಡಿಯೊಳಗಿನದೋ ಬಳಕೆಯದೋ, ವರ್ಷ, ತೂಕ ಮತ್ತು ದೇಶಗಳ ಸಂಖ್ಯೆ ಇವೆಲ್ಲ ಕಾಣುವಂತಿದ್ದರೆ, ಅದೇ ಲೆಕ್ಕವನ್ನು ಇನ್ನೊಬ್ಬರು ಮೊದಲಿನಿಂದ ಮಾಡಿ ಅದೇ ಅಂಕಿ ಬರುತ್ತದೆಯೇ ಎಂದು ಪರೀಕ್ಷಿಸಬಹುದು.